ಹನ್ನೆರಡು ಕಾನಸಿಗೆ ಹಳದಿ ದಾರ

"ಆ ದಿನ ಮಳೆ ಸುರಿಯುತ್ತಿತ್ತು" ಎಂದು ಮೊದಲು ಬರೆದಿದ್ದೆ. ಹೊಡೆದುಹಾಕಿದೆ. ಮಳೆ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ತುಕ್ಕು ಹಿಡಿದ ಕಥೆ ಹೇಳುವುದಕ್ಕೆ ಮಳೆ ಇದ್ದರೆ ಅನುಕೂಲವೆಂದು ನನ್ನ ನೆನಪೇ ಅದನ್ನು ತರಿಸಿಕೊಂಡಿರಬೇಕು. ಗಂಡನನ್ನು ಕೇಳಿದರೆ, "ಎಲ್ಲೀ ಮಳಿ? ಚಲೋ ಬಿಸಿಲಿತ್ತು. ನಿನ್ನ ತಪ್ಪಿನಾಗ ಮಳಿಗೂ ಒಂದ ಪಾಲು ಕೊಡ್ಲಿಕ್ಕೆ ಹೊಂಟೀಯೇನು?" ಅಂದರು. ಇರಬಹುದು.

ಖಾತ್ರಿಯಿಂದ ಹೇಳಬಲ್ಲದ್ದು ಕಡಿಮೆ. ನಾವಿರುವುದು ಡೊಂಬಿವಲಿಯಲ್ಲಿ, ಮೂರನೆಯ ಮಹಡಿ, ಒಂದು ಹಾಲು, ಒಂದು ರೂಮು, ಅಡುಗೆಮನೆ. ನನ್ನ ಗಂಡ ಅಚ್ಚಿನ ಕೆಲಸದವರು. ಪ್ಲಾಸ್ಟಿಕ್ ಮುಚ್ಚಳ, ಗುಂಡಿ, ಆಟಿಕೆಯ ಚಕ್ರ ಇವೆಲ್ಲ ಮೂಡಿಬರುವ ಲೋಹದ ಅಚ್ಚನ್ನು ಮೆಷಿನ್ ಕತ್ತರಿಸಿ ಕೊಟ್ಟ ಮೇಲೆ, ಅದು ಮುಟ್ಟಲಾಗದೆ ಬಿಟ್ಟ ಮೂಲೆಗಳನ್ನು ಕೈಯಿಂದ ತೀಡಿ ಮುಗಿಸುವವರು. ಅಂಬರನಾಥದ ಒಂದು ಶೆಡ್ಡಿನಲ್ಲಿ ಬಹಳ ವರ್ಷ ಆ ಕೆಲಸ ಮಾಡಿದರು. ಮಾಲೀಕರು ತೀರಿಕೊಂಡರು, ಅವರ ಮಕ್ಕಳು ಶೆಡ್ ಮಾರಿದರು. ಆ ವರ್ಷ ಗಣಪತಿ ಹಬ್ಬಕ್ಕೂ ಮೊದಲಿನಿಂದ ಇವರು ಮನೆಯಲ್ಲಿದ್ದರು. ಬೆಳಿಗ್ಗೆ ಎಂಟೂ ಹತ್ತಕ್ಕೆ ಎದ್ದು ನಿಲ್ಲುವುದು, ಹೊರಡುವ ಲೋಕಲ್ ಇಲ್ಲವೆಂದು ನೆನಪಾಗಿ ಮತ್ತೆ ಕೂರುವುದು. ಅದನ್ನು ನಾನು ಎಷ್ಟು ಸಲ ನೋಡಿದೆ? ನೂರು ಸಲ ಎಂದು ಬರೆಯಲು ಕೈ ಹೋಗುತ್ತದೆ. ಒಂದೇ ಸಲ ನೋಡಿರಬಹುದು.

ಕೊನೆಗೆ ರಬಾಳೆಯ ಒಂದು ವರ್ಕ್‌ಶಾಪಿನಿಂದ ಕರೆ ಬಂತು. ದಸರೆಯ ಮರುದಿನ ಕೈಪರೀಕ್ಷೆ. ಹಿತ್ತಾಳೆಯ ತಗಡಿನಲ್ಲಿ ಹಲವು ಮೂಲೆಗಳಿರುವ ಒಂದು ತೂತು ತೀಡಬೇಕು, ಅದರಲ್ಲಿ ಕೂರುವಂಥ ಉಕ್ಕಿನ ತುಂಡು ತೀಡಬೇಕು. ಎರಡನ್ನೂ ಜೋಡಿಸಿ ಟ್ಯೂಬ್‌ಲೈಟಿಗೆ ಹಿಡಿದರೆ ನಡುವೆ ಬೆಳಕು ಕಾಣಬಾರದು. ಇಂಥ ಕೆಲಸಕ್ಕೆ ಈಗ ಜನ ಕೇಳುವುದೇ ಅಪರೂಪ. ಐವತ್ತರ ಹತ್ತಿರ ಬಂದವರನ್ನು ಕರೆಯುವುದು ಇನ್ನೂ ಅಪರೂಪ. ಒಂದು ಷರತ್ತು ಇತ್ತು: ಅವರವರ ಕಾನಸು ಅವರವರೇ ತರಬೇಕು.

ಲೋಹ ತೀಡುವ ಈ ಹಲ್ಲಿನ ಕಡ್ಡಿಗೆ ನನ್ನ ತವರಿನ ಕಡೆ ಅರ ಅನ್ನುತ್ತೇವೆ. ಇಲ್ಲಿ ಎಲ್ಲರ ಬಾಯಲ್ಲೂ ಮರಾಠಿಯ ಕಾನಸು. ಇವರದ್ದು ದೊಡ್ಡವಲ್ಲ. ಗೇಣಿಗಿಂತ ಗಿಡ್ಡ, ಊದಿನಕಡ್ಡಿಗಿಂತ ತುಸು ದಪ್ಪ. ಚಪ್ಪಟೆ, ಚೌಕ, ದುಂಡು, ಅರ್ಧದುಂಡು, ಮುಮ್ಮೂಲೆ, ಚಾಕುವಿನಂಥದ್ದು, ಹೀಗೆ ಆರು ಆಕಾರ. ಆಕಾರಕ್ಕೆ ಎರಡೆರಡು, ಒಂದು ಹಿತ್ತಾಳೆಗೆ, ಒಂದು ಉಕ್ಕಿಗೆ. ಹಿತ್ತಾಳೆಯದನ್ನು ತಪ್ಪಿಯೂ ಉಕ್ಕಿಗೆ ತಾಗಿಸುವ ಹಾಗಿಲ್ಲ. ಉಕ್ಕನ್ನು ಉಜ್ಜಿದ ಹಲ್ಲು ಮೊಂಡಾಗುತ್ತದೆ, ಆಮೇಲೆ ಹಿತ್ತಾಳೆಯ ಮೇಲೆ ಅದು ಕಚ್ಚದೆ ಜಾರುತ್ತದೆ. ಜಾರಿದರೆ ಗೆರೆ ಬೀಳುತ್ತದೆ. ಗೆರೆ ಬಿದ್ದಲ್ಲಿ ಬೆಳಕು ನುಗ್ಗುತ್ತದೆ.

ಇದೆಲ್ಲ ಈಗ ಗೊತ್ತು. ಆಗ ಗೊತ್ತಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಕಾನಸು ಆರಿಸುವುದನ್ನು ಮಾತ್ರ ನಾನು ಕಣ್ಣಾರೆ ಕಂಡಿದ್ದೆ. ಶೆಡ್ ಮುಚ್ಚುವ ಕೆಲವು ತಿಂಗಳ ಮೊದಲು, ಉಕ್ಕಿಗೆಂದು ಇಟ್ಟಿದ್ದ ಮುಮ್ಮೂಲೆಯ ಕಾನಸು ಸವೆದಿದೆ ಎಂದು ಮುಂಬೈಯ ನಾಗದೇವಿ ಬೀದಿಗೆ ಹೊರಟರು. ನಾನೂ ಜೊತೆಗೆ ಹೋದೆ. ಅಂಗಡಿಯಾತ ಒಂದು ಕಟ್ಟು ಬಿಚ್ಚಿ ಗಾಜಿನ ಕಟ್ಟೆಯ ಮೇಲೆ ಹರಡಿದ. ಇವರು ಒಂದೊಂದನ್ನೇ ಕಣ್ಣಿನ ಮಟ್ಟಕ್ಕೆ ಹಿಡಿದು ಸೊಟ್ಟ ಇದೆಯೇ ನೋಡಿದರು. ಬೆಳಕಿಗೆ ತಿರುಗಿಸಿ, ಹಲ್ಲು ತುದಿಯವರೆಗೂ ಇದೆಯೇ, ನಡುವೆ ಬೋಳು ಇದೆಯೇ ನೋಡಿದರು. ಆಮೇಲೆ ಹೆಬ್ಬೆರಳಿನ ಉಗುರಿನ ಮೇಲೆ ಹಗುರವಾಗಿ ಎಳೆದರು. ಕೊನೆಗೆ ಹಲ್ಲಿಲ್ಲದ ಬಾಲವನ್ನು ಎರಡು ಬೆರಳಲ್ಲಿ ಹಿಡಿದು ಗಾಜಿಗೆ ಮೆಲ್ಲಗೆ ತಟ್ಟಿ ಕಿವಿಗೊಟ್ಟರು.

"ಸೇಟ್, ಮದುವೆಗೆ ಹುಡುಗಿ ನೋಡೋಕೆ ಬಂದಿದ್ದೀರಾ?" ಎಂದು ಅಂಗಡಿಯಾತ ಹಿಂದಿಯಲ್ಲಿ ಕೇಳಿದ.

"ಹುಡುಗೀನ್ನ ಇಷ್ಟು ನೋಡಿರಲಿಲ್ಲ," ಎಂದು ಇವರು ನನ್ನ ಕಡೆ ಕೈ ತೋರಿಸಿದರು.

ಇಪ್ಪತ್ತರಲ್ಲಿ ಒಂದು ಆರಿಸಿದರು. ಆ ಒಂದರ ಬಾಲದಲ್ಲಿ ಕಂಪನಿಯ ಮುದ್ರೆ ತುಸು ವಾರೆಯಾಗಿ ಬಿದ್ದಿತ್ತು ಎಂಬುದು ನನಗೆ ನೆನಪಿದೆ. ಅಥವಾ ಆಮೇಲೆ ನೆನಪಾಯಿತು. ಇವೆರಡರ ನಡುವಿನ ಅಂತರವೇ ಮುಂದೆ ನನ್ನ ಕೊರಳಿಗೆ ಬಂತು.

ಈಗ ತಪ್ಪಿನ ವಿಷಯ.

ಪ್ರತಿ ವರ್ಷ ನವಮಿಯ ದಿನ ಇವರು ಕಾನಸಿನ ಡಬ್ಬಿಯನ್ನು ದೇವರ ಮುಂದೆ ಇಡುತ್ತಿದ್ದರು. ಬೆಳಗಾವಿ ಕಡೆಯ ಮನೆತನ, ಆಯುಧಗಳಿಗೆ ಮಾಡುವ ಖಂಡೆ ಪೂಜೆ ಬಿಡುವವರಲ್ಲ. ಪೂಜೆ ಮಾಡುತ್ತಿದ್ದವರು ಅತ್ತೆ. ಆ ವರ್ಷ ಅತ್ತೆ ಕಲ್ಯಾಣದಲ್ಲಿರುವ ಮಗಳ ಬಾಣಂತನಕ್ಕೆ ಹೋಗಿದ್ದರು. ಇವರು ಬೆಳಿಗ್ಗೆಯೇ, ಮಾರಿಹೋದ ಶೆಡ್ಡಿನ ಹಳೆಯ ಜೊತೆಗಾರರೆಲ್ಲ ಸೇರಿ ಒಬ್ಬರ ಮನೆಯಲ್ಲಿ ಪೂಜೆ ಇಟ್ಟುಕೊಂಡಿದ್ದಾರೆಂದು ಅಂಬರನಾಥಕ್ಕೆ ಹೋದರು. ಹೋಗುವಾಗ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಇದಕ್ಕೂ ಒಂದ ಹೂ ಏರಿಸು," ಅಂದರು. ಬರೀ ಅಷ್ಟು.

ನಾನು ಉಡುಪಿ ಕಡೆಯ ಹೋಟೆಲಿನವರ ಮಗಳು. ಠಾಣೆಯ ವರ್ತಕ ನಗರದಲ್ಲಿ ಅಪ್ಪನ ಹೋಟೆಲ್ ಇತ್ತು. ಆಯುಧ ಪೂಜೆಯೆಂದರೆ ನಮಗೆ ತೊಳೆಯುವ ಹಬ್ಬ. ಗ್ರೈಂಡರ್, ದೋಸೆಯ ಕಾವಲಿ, ಸಟ್ಟುಗ, ತರಕಾರಿ ಹೆಚ್ಚುವ ಕತ್ತಿ, ಎಲ್ಲವನ್ನೂ ಹುಣಸೆಹುಳಿ ಹಾಕಿ ತಿಕ್ಕಿ, ಹೊಳೆಯಿಸಿ, ಸಾಲಾಗಿ ಇಟ್ಟು, ಗಂಧ ಕುಂಕುಮ ಹಚ್ಚುತ್ತಿದ್ದೆವು. ಕೊಳೆಯಾದ ಆಯುಧಕ್ಕೆ ಹೂ ಏರಿಸುವುದು ನನ್ನ ತಲೆಗೇ ಹೊಳೆಯುವ ಸಂಗತಿಯಲ್ಲ.

ಡಬ್ಬಿ ತೆರೆದೆ. ಹಳೆಯ ರೆಕ್ಸಿನ್ ತುಂಡಿನಲ್ಲಿ ಇವರೇ ಹೊಲಿದ ಹನ್ನೆರಡು ಕಿಸೆಗಳು. ಒಂದು ಕಾನಸು ಇನ್ನೊಂದಕ್ಕೆ ತಾಗಬಾರದೆಂದು ಹಾಗೆ ಹೊಲಿದದ್ದು. ನಾನು ಹನ್ನೆರಡನ್ನೂ ಎಳೆದು ಒಂದು ಪಾತ್ರೆಗೆ ಸುರಿದು, ಪಾತ್ರೆ ತೊಳೆಯುವ ಸೋಪು ಹಾಕಿ, ಬ್ರಶ್ಶಿನಲ್ಲಿ ತಿಕ್ಕಿದೆ. ಹಲ್ಲಿನ ಸಂದಿಯಲ್ಲಿ ಬಿಳಿ ಪುಡಿ ಮೆತ್ತಿಕೊಂಡಿತ್ತು. ಅದು ಇವರು ಬೇಕೆಂದೇ ತೀಡಿದ ಸೀಮೆಸುಣ್ಣ. ಲೋಹದ ಚೂರು ಹಲ್ಲಿಗೆ ಸಿಕ್ಕಿಕೊಳ್ಳಬಾರದೆಂದು ಹಚ್ಚುವುದಂತೆ. ಅದನ್ನು ಪೂರ್ತಿ ತೆಗೆದು ತೃಪ್ತಿಪಟ್ಟೆ.

ಆರು ಕಾನಸುಗಳ ಬಾಲಕ್ಕೆ ಕೊಳೆ ಹಿಡಿದು ಕಪ್ಪಾದ ದಾರ ಸುತ್ತಿತ್ತು. ಹೋದ ವರ್ಷದ ಪೂಜೆಯ ದಾರ ಅಂದುಕೊಂಡೆ. ಉಳಿದ ಆರಕ್ಕೆ ಇರಲಿಲ್ಲ. ಅತ್ತೆಗೆ ದಾರ ಸಾಲದೆ ಹೋಗಿರಬೇಕು ಅಂದುಕೊಂಡೆ. ಕತ್ತರಿಯಿಂದ ಎಲ್ಲವನ್ನೂ ಕತ್ತರಿಸಿ ಎಸೆದು, ಅರಿಸಿನದಲ್ಲಿ ಅದ್ದಿದ ಹೊಸ ದಾರವನ್ನು ಹನ್ನೆರಡಕ್ಕೂ ಕಟ್ಟಿದೆ. ಯಾವುದಕ್ಕೂ ಭೇದ ಮಾಡಲಿಲ್ಲ. ಒದ್ದೆಯಾಗಿದ್ದಾಗಲೇ ಬಾಳೆಲೆಯ ಮೇಲೆ ಜೋಡಿಸಿ, ಕುಂಕುಮ ಕಲಸಿ ಬೊಟ್ಟಿಟ್ಟು, ನೀರು ಚಿಮುಕಿಸಿದ ಚೆಂಡುಹೂವಿನ ರಾಶಿ ಹಾಕಿ, ಆರತಿ ಎತ್ತಿದೆ.

ಸಂಜೆ ಇವರು ಬಂದು ಕೈಮುಗಿದರು. ಹೂವಿನ ಕೆಳಗೆ ಏನಿದೆಯೆಂದು ನೋಡಲಿಲ್ಲ. ನೋಡುವ ಹಾಗೂ ಇಲ್ಲ. ನವಮಿಗೆ ಇಟ್ಟ ಆಯುಧವನ್ನು ದಶಮಿಯವರೆಗೆ ಯಾರೂ ಮುಟ್ಟುವುದಿಲ್ಲ. ಅದೊಂದು ನಿಯಮದಲ್ಲಿ ನನ್ನ ತವರೂ ಗಂಡನ ಮನೆಯೂ ಒಂದೇ.

ದಶಮಿಯ ಬೆಳಿಗ್ಗೆ ಇವರು ಸ್ನಾನಕ್ಕೆ ಹೋದಾಗ ನಾನು ಬಾಡಿದ ಹೂ ತೆಗೆದೆ. ಕಾನಸುಗಳು ಕೆಂಪಗಿದ್ದವು. ಕುಂಕುಮ ಇಳಿದಿದೆ ಅಂದುಕೊಂಡು ಸೆರಗಿನಿಂದ ಒರೆಸಿದೆ. ಬೊಟ್ಟಿದ್ದಲ್ಲಿನ ಕೆಂಪು ಹೋಯಿತು. ಬೊಟ್ಟಿಲ್ಲದ ಕಡೆಯ ಕೆಂಪು ಹೋಗಲಿಲ್ಲ. ಹಲ್ಲುಹಲ್ಲಿನ ಸಂದಿಯಲ್ಲಿ ಕೂತಿತ್ತು. ಹೂಗಳನ್ನು ಮತ್ತೆ ಅದೇ ಜಾಗಕ್ಕೆ ಹಾಕಿ ಮುಚ್ಚಿದೆ. ಈ ಒಂದು ಕೆಲಸ ಮಾಡಿದ್ದು ನನಗೆ ನಿಚ್ಚಳವಾಗಿ ನೆನಪಿದೆ. ನೆನಪು ನನ್ನನ್ನು ಚೆಂದವಾಗಿ ತೋರಿಸದ ಕಡೆ ಮಾತ್ರ ನಾನು ಅದನ್ನು ನಂಬುತ್ತೇನೆ.

ಹತ್ತು ಗಂಟೆಗೆ ಅತ್ತೆ ಬನ್ನಿ ಕೊಟ್ಟು ಹೋಗಲೆಂದು ಕಲ್ಯಾಣದಿಂದ ಬಂದರು. ಚಪ್ಪಲಿ ಬಿಟ್ಟು, ದೇವರ ಮುಂದೆ ಬಗ್ಗಿ, ಹೂ ಸರಿಸಿ ನೋಡಿದರು.

"ಏನವಾ, ಕಾನಸಿಗೆ ಸ್ನಾನ ಮಾಡ್ಸೀಯೇನು?"

ನಾನು ಹೌದೆಂದೆ.

"ನಾ ಬರೇ ಡಬ್ಬಿ ಮ್ಯಾಲೆ ಕುಂಕುಮ ಹಚ್ಚಿ ಬಿಡ್ತಿದ್ದೆ. ಅವನಪ್ಪನೂ ಇದ ಕೆಲಸದಾಂವ. ಕಾನಸು ಒಣಾ ಅರಿವ್ಯಾಗ ಒರಸೂದು, ನೀರ ತೋರಸೂದಲ್ಲ." ಒಂದನ್ನು ಎತ್ತಿ ಬಾಲ ನೋಡಿದರು. "ದಾರ ಎಲ್ಲಾಕ್ಕೂ ಕಟ್ಟೀದಿ?"

"ಹೋದ ವರ್ಷ ಆರಕ್ಕೆ ಮಾತ್ರ ಇತ್ತು, ಅತ್ತೆ."

"ಅದು ಪೂಜೀ ದಾರ ಅಲ್ಲವಾ. ಹಿತ್ತಾಳಿ ಕಾನಸಿನ ಗುರುತು ಅದು."

ಆಗ ನನ್ನ ಕಾಲ ಕೆಳಗಿನ ನೆಲ ಏನೂ ಕುಸಿಯಲಿಲ್ಲ. ಬಚ್ಚಲಿನಲ್ಲಿ ನೀರು ಬೀಳುವ ಸದ್ದು ನಿಂತಿತು, ಅಷ್ಟೇ. ನಾಳೆ ಬೆಳಿಗ್ಗೆ ಪರೀಕ್ಷೆ. ಇವತ್ತು ದಸರೆ, ನಾಗದೇವಿಯಲ್ಲಿ ಒಂದು ಬಾಗಿಲೂ ತೆರೆದಿರುವುದಿಲ್ಲ. ತೆರೆದಿದ್ದರೂ ಹೊಸ ಕಾನಸು ಒಂದು ವಾರ ಹಿತ್ತಾಳೆ ತಿಂದ ಮೇಲೆಯೇ ಹದಕ್ಕೆ ಬರುವುದು.

ಅತ್ತೆ ನನ್ನ ಮುಖ ನೋಡಿದರು. "ನೀನ ಹೇಳು. ನಾ ಹೇಳಿದ್ರ ಚಾಡಿ ಆಗ್ತದ."

ಇವರು ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ನಾನು ಹೇಳಿದೆ. ಯಾವ ಪದಗಳಲ್ಲಿ ಹೇಳಿದೆನೋ, ಈಗ ಜೋಡಿಸಿ ಬರೆದರೆ ಸುಳ್ಳಾಗುತ್ತದೆ. ತೊಳೆದೆ, ದಾರ ಕತ್ತರಿಸಿದೆ, ತುಕ್ಕು ಬಂದಿದೆ, ಈ ಮೂರು ಅದರಲ್ಲಿದ್ದವು. ಇವರು ಟವೆಲ್ ಹೆಗಲಿಗೆ ಹಾಕಿಕೊಂಡು ನೆಲಕ್ಕೆ ಕೂತು ಒಂದು ಕಾನಸನ್ನು ಕಿಟಕಿಯ ಬೆಳಕಿಗೆ ಹಿಡಿದರು. ಉಗುರಿನ ತುದಿಯಿಂದ ಹಲ್ಲಿನ ಸಂದಿ ಕೆರೆದು ನೋಡಿದರು. ಅತ್ತೆ ಬನ್ನಿಯ ಎಲೆ ಎಣಿಸುವವರ ಹಾಗೆ ಕೂತಿದ್ದರು.

"ಮ್ಯಾಲಿನ ತುಕ್ಕು," ಅಂದರು ಕೊನೆಗೆ. "ಹಲ್ಲು ತಿಂದಿಲ್ಲ. ವಿನೆಗರ್ ಅದ ಏನು ಮನ್ಯಾಗ?"

ಇರಲಿಲ್ಲ. ಹುಣಸೆಹಣ್ಣು ಆಗುವುದಿಲ್ಲವೇ ಎಂದು ಅತ್ತೆ ಕೇಳಿದರು. ಅದರ ನಾರು ಹಲ್ಲಿಗೆ ಸಿಕ್ಕುತ್ತದೆ ಅಂದರು ಇವರು. ನಾನು ಕೆಳಗೆ ಓಡಿದೆ. ಬಿಲ್ಡಿಂಗಿನ ಮೂಲೆಯಲ್ಲಿ ಚೈನೀಸ್ ತಿಂಡಿಯ ಗಾಡಿಯವನು ಆಗಷ್ಟೇ ಚೆಂಡುಹೂವಿನ ಮಾಲೆ ಕಟ್ಟುತ್ತಿದ್ದ. ತಂಪುಪಾನೀಯದ ಖಾಲಿ ಬಾಟಲಿಯಲ್ಲಿ ಅರ್ಧ ತುಂಬಿಸಿ ಕೊಟ್ಟು, "ಭಾಬಿ, ದಸರೆಗೆ ಶ್ರೀಖಂಡ ಬಿಟ್ಟು ಮಂಚೂರಿಯನ್ನಾ?" ಅಂದ. ಕಾನಸಿಗೆ ಎಂದೆ.

ವಿನೆಗರಿನಲ್ಲಿ ಒಂದು ಗಂಟೆ ಬಿಟ್ಟರು. ಗುಳ್ಳೆಗಳು ಎದ್ದವು. ಆಮೇಲೆ ಡಬ್ಬಿಯಲ್ಲಿದ್ದ ತಂತಿಯ ಬ್ರಶ್ಶಿನಿಂದ ಹಲ್ಲಿನ ಓರೆಗೆ ಸರಿಯಾಗಿ, ಒಂದೇ ದಿಕ್ಕಿನಲ್ಲಿ ಉಜ್ಜಿದರು. ಅಡ್ಡಾದಿಡ್ಡಿ ಉಜ್ಜಿದ್ದು ನಾನು. ಅಡುಗೆ ಸೋಡಾ ಕದಡಿದ ನೀರಿಗೆ ಹಾಕಿದಾಗ ನಾನು ಅವರ ಕೈ ಹಿಡಿದೆ. "ಮತ್ತೆ ನೀರಿಗಾ?"

"ನೀರಿಂದಲ್ಲ ತಪ್ಪು. ಒಣಗಸದ ಇಟ್ಟದ್ದು ತಪ್ಪು. ನಿನ್ನ ಹೇರ್ ಡ್ರಾಯರ್ ತಾ."

ಹನ್ನೆರಡು ಕಾನಸುಗಳಿಗೆ ನಾನು ಬಿಸಿಗಾಳಿ ಹಿಡಿದೆ. ಮದುವೆಯ ದಿನ ನನ್ನ ಕೂದಲು ಒಣಗಿಸಿದವಳೂ ಅಷ್ಟು ಜಾಗ್ರತೆ ವಹಿಸಿರಲಿಲ್ಲ. ಹಲ್ಲುಗಳು ಬೂದು ಬಣ್ಣಕ್ಕೆ ಬಂದವು. ಅಲ್ಲಲ್ಲಿ ಒಂದೊಂದು ಕಪ್ಪು ಚುಕ್ಕೆ ಉಳಿಯಿತು.

ಇನ್ನು ಗುರುತು. ಇವರು ಜೋಡಿಜೋಡಿಯಾಗಿ ಇಟ್ಟರು. ಚಪ್ಪಟೆಯವೆರಡನ್ನು ಎತ್ತಿ, ಒಂದನ್ನು ಹೆಬ್ಬೆರಳಿನ ಉಗುರಿನ ಮೇಲೆ ಎಳೆದರು, ಇನ್ನೊಂದನ್ನು ಎಳೆದರು. ಮೊದಲನೆಯದು ಉಗುರಿನಲ್ಲಿ ಬಿಳಿ ಪುಡಿ ಎಬ್ಬಿಸಿತು. ಎರಡನೆಯದು ಜಾರಿತು. "ಇದು ಹಿತ್ತಾಳಿ, ಇದು ಉಕ್ಕು," ಎಂದು ಜಾರಿದ್ದರ ದಾರ ಬಿಚ್ಚಿ ಬದಿಗಿಟ್ಟರು. ಅಷ್ಟು ಸುಲಭ. ಚೌಕ, ದುಂಡು, ಅರ್ಧದುಂಡು, ಚಾಕು. ಹತ್ತು ಕಾನಸುಗಳಿಗೆ ಕಾಲು ಗಂಟೆಯೂ ಹಿಡಿಯಲಿಲ್ಲ.

ಉಳಿದವು ಮುಮ್ಮೂಲೆಯ ಎರಡು. ಎರಡೂ ಉಗುರನ್ನು ಕಚ್ಚಿದವು. ಉಕ್ಕಿನದು ನಾಗದೇವಿಯಲ್ಲಿ ತಂದ ಹೊಸದು. ಶೆಡ್ ಮುಚ್ಚಿದ್ದರಿಂದ ಹೆಚ್ಚು ಬಳಸಿಯೇ ಇರಲಿಲ್ಲ. ಪರೀಕ್ಷೆಯ ತೂತಿನ ಮೂಲೆಗಳಿಗೆ ಬೇಕಾದದ್ದು ಮುಮ್ಮೂಲೆಯದೇ.

ಇವರು ಎರಡನ್ನೂ ನನ್ನ ಅಂಗೈಯಲ್ಲಿಟ್ಟರು. "ನಾಗದೇವಿಗೆ ನೀನೂ ಬಂದಿದ್ದಿ. ಯಾವುದು ಅವತ್ತಿಂದು?"

ನೆನಪನ್ನು ನಾನು ನಂಬುವವಳಲ್ಲ ಎಂದು ಅವರಿಗೆ ಗೊತ್ತು. ಒಂದೇ ಘಟನೆಯನ್ನು ಮೂರು ಥರ ಬರೆದು ಮೂರನ್ನೂ ಹರಿಯುವುದನ್ನು ನೋಡಿದ್ದಾರೆ. ಗಾಜಿನ ಕಟ್ಟೆ ನೆನಪಾಯಿತು, ಅಂಗಡಿಯಾತನ ಮಾತು ನೆನಪಾಯಿತು. ಮುದ್ರೆ ವಾರೆಯಾಗಿತ್ತು ಎಂದು ನೆನಪಾಯಿತು. ಆದರೆ ಅದು ನೆನಪೋ, ಕೈಯಲ್ಲಿರುವ ವಾರೆ ಮುದ್ರೆಯನ್ನು ನೋಡಿ ಆಗಲೇ ಹೊಲಿದುಕೊಂಡದ್ದೋ?

"ವಾರೆ ಮುದ್ರೆಯದ್ದು ಹೊಸತು," ಅಂದೆ.

ಇವರು ಅದರ ದಾರ ಬಿಚ್ಚಿ ಉಕ್ಕಿನವುಗಳ ಜೊತೆ ಇಟ್ಟರು. ಹನ್ನೆರಡಕ್ಕೂ ಸೀಮೆಸುಣ್ಣ ತೀಡಿ ಕಿಸೆಗಳಿಗೆ ಸೇರಿಸಿದರು. ಅತ್ತೆ ಎಲ್ಲರ ಕೈಗೂ ಬನ್ನಿ ಕೊಟ್ಟರು.

ಮರುದಿನ ಒಟ್ಟಿಗೇ ಹೊರಟೆವು. ನನ್ನ ಆಫೀಸು ಸೀವುಡ್ಸ್‌ನಲ್ಲಿ. ಠಾಣೆಯಲ್ಲಿ ಇಳಿದು ಪನವೇಲ್ ಗಾಡಿ ಹತ್ತಿದೆವು. ಅವರ ತೊಡೆಯ ಮೇಲೆ ಡಬ್ಬಿ ಇತ್ತು. ರಬಾಳೆಯಲ್ಲಿ ಇಳಿಯುವಾಗ, "ಸಂಜೀಕೆ ಫೋನ್ ಮಾಡ್ತೀನಿ, ನೀ ಮಾಡಬ್ಯಾಡ," ಅಂದರು. ಬಾಗಿಲ ಬಳಿಯ ಗುಂಪು ಅವರನ್ನು ನುಂಗಿತು. ನನಗೆ ಡಬ್ಬಿ ಮಾತ್ರ ಕೊನೆಯವರೆಗೂ ಕಂಡಿತು, ತಲೆಗಳ ಮೇಲೆ ಎತ್ತಿ ಹಿಡಿದಿದ್ದರು.

ಆಫೀಸಿನಲ್ಲಿ ಆ ದಿನ ನಾನು ಏನು ಮಾಡಿದೆ ಎಂಬುದು ಖಾಲಿ. ಮಾಡಿದ ಕಡತಗಳು ಇರಬೇಕು. ನೆನಪಿನಲ್ಲಿರುವುದು ಟ್ಯೂಬ್‌ಲೈಟ್ ಒಂದೇ, ನನ್ನ ಮೇಜಿನ ಮೇಲಿನದು. ಊಟ ಬಿಟ್ಟು ಎರಡು ಸ್ಕೇಲುಗಳ ಅಂಚು ಜೋಡಿಸಿ ಅದಕ್ಕೆ ಹಿಡಿದೆ. ಸಂದಿಯಿಂದ ಬೆಳಕು ಸೀಳಾಗಿ ಬಂತು. ಎಷ್ಟು ಒತ್ತಿದರೂ ಬಂತು. ಅಂಗಡಿಯಲ್ಲಿ ಕೊಂಡ, ಮೆಷಿನ್ನಿನಲ್ಲಿ ಮಾಡಿದ ಸ್ಕೇಲುಗಳು.

ನಾಲ್ಕೂವರೆಗೆ ಫೋನ್ ಬಂತು. ಮೊದಲು ಹಿಂದಿನ ಗದ್ದಲ, ಆಮೇಲೆ ಅವರ ದನಿ.

"ಬೆಳಕು ಬರಲಿಲ್ಲ," ಅಂದರು.

"ಅಂದ್ರೆ?"

"ಅಂದ್ರ ಸೋಮವಾರದಿಂದ ಬಾ ಅಂದ್ರು. ಮತ್ತ ಎಂಟೂ ಹತ್ತಕ್ಕೇ ಹೊಂಡಬೇಕು. ಹೆಗಲಿಗೆ ಹಾಕ್ಕೊಳ್ಳಲಿಕ್ಕೆ ಡಬ್ಬಿಗೆ ಒಂದ ಪಟ್ಟಿ ಹಚ್ಚಿಕೊಡು."

ನಾನು ಕುರ್ಚಿಗೆ ಒರಗಿದೆ. ಎರಡು ದಿನದಿಂದ ಭುಜಗಳನ್ನು ಕಿವಿಯ ಹತ್ತಿರ ಎತ್ತಿ ಹಿಡಿದಿದ್ದೆನೆಂದು ಅವು ಕೆಳಗಿಳಿದಾಗ ತಿಳಿಯಿತು. ಪಕ್ಕದ ಮೇಜಿನವಳು ಮರಾಠಿಯಲ್ಲಿ ಏನಾಯಿತೆಂದಳು. ಕಾನಸು ಕಚ್ಚಿತು ಅಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು.

ಇಲ್ಲಿಗೆ ನಿಲ್ಲಿಸಿದರೆ ಚೆಂದ. ನನ್ನ ನೆನಪು ತಪ್ಪನ್ನು ತಿದ್ದಿತು, ಕೆಲಸ ಸಿಕ್ಕಿತು ಎಂದು. ಬಹಳ ದಿನ ನಾನು ಹಾಗೇ ಹೇಳಿಕೊಂಡು ತಿರುಗಿದೆ. ಅತ್ತೆಗೂ ಹೇಳಿದೆ, ತವರಿನಲ್ಲೂ ಹೇಳಿದೆ.

ಮುಂದಿನ ವರ್ಷದ ಖಂಡೆ ಪೂಜೆಗೆ ನಾನು ಒಣಬಟ್ಟೆ ಹಿಡಿದು ಕೂತೆ. ಒಂದೊಂದನ್ನೇ ಕಿಸೆಯಿಂದ ತೆಗೆದು, ಒರೆಸಿ, ಮತ್ತೆ ಅದೇ ಕಿಸೆಗೆ. ಹೂ ಮುಚ್ಚಳದ ಮೇಲೆ. ವಾರೆ ಮುದ್ರೆಯದು ಕೈಗೆ ಬಂದಾಗ ಇವರಿಗೆ ತೋರಿಸಿ, "ನಾನು ಸರಿಯಾಗಿ ಗುರುತಿಸಿದೆ, ಅಲ್ವಾ?" ಅಂದೆ.

ಇವರು ಪೇಪರು ಓದುತ್ತಿದ್ದರು. "ಎರಡೂ ಕಚ್ಚತಿದ್ದವಲ್ಲ," ಅಂದರು. "ಕಚ್ಚೂದು ಯಾವುದಾದರೇನು, ಹಿತ್ತಾಳಿಗೆ ನಡೀತದ. ನೀ ಅದನ್ನ ಎತ್ತಿದ್ದರೂ ಆಗ್ತಿತ್ತು, ಇದನ್ನ ಎತ್ತಿದ್ದರೂ ಆಗ್ತಿತ್ತು."

"ಮತ್ತೆ ನನ್ನನ್ನು ಯಾಕೆ ಕೇಳಿದ್ದು?"

"ತಪ್ಪು ನಿಂದಿತ್ತು. ತಿದ್ದೂದ್ರಾಗೂ ನಿನಗೊಂದ ಪಾಲು ಇರಲಿ ಅಂತ."

ಅತ್ತೆ ಅಡುಗೆಮನೆಯಿಂದ, "ಅವನಪ್ಪನೂ ಹಿಂಗ ಸುಳ್ಳ ಹೇಳತಿದ್ದಾ," ಅಂದರು. ಯಾವುದು ಸುಳ್ಳು, ಆಗ ಕೇಳಿದ್ದೋ ಈಗ ಹೇಳಿದ್ದೋ, ಅವರು ಬಿಡಿಸಿ ಹೇಳಲಿಲ್ಲ. ನಾನು ಮುಮ್ಮೂಲೆಯ ಎರಡನ್ನೂ ಉಗುರಿನ ಮೇಲೆ ಎಳೆದು ನೋಡಿದೆ. ವಾರೆ ಮುದ್ರೆಯದು ಈಗ ಜಾರುತ್ತದೆ, ವರ್ಷವಿಡೀ ಉಕ್ಕು ತಿಂದಿದೆ. ಇನ್ನೊಂದು ಕಚ್ಚಿತು. ಅದರ ಬಾಲದಲ್ಲಿ ನಾನು ಕಟ್ಟಿದ ದಾರ ಹಾಗೇ ಇದೆ. ಅರಿಸಿನ ಹೋಗಿ ಕಪ್ಪಾಗಿದೆ. ಒರೆಸಿ, ಗಂಟು ಮುಟ್ಟದೆ ಕಿಸೆಗೆ ಹಾಕಿದೆ.